ಒಬ್ಬರ ವರದಿಯಲ್ಲಿ ಇರುವುದು ಅರ್ಧ ಉತ್ತರ

ಗರ್ಭಿಣಿಯ ಕಡತದಲ್ಲಿ ಒಂದು ಹಾಳೆ ಇರುತ್ತದೆ. ಮೇಲೆ ಪ್ರಯೋಗಾಲಯದ ಹೆಸರು, ನಡುವೆ ಗುಡ್ಡದಂತೆ ಎದ್ದು ಇಳಿಯುವ ರೇಖೆಗಳ ಒಂದು ಚಿತ್ರ, ಅದರ ಕೆಳಗೆ ‘ಎಚ್‌ಬಿ ಎ2: 5.2’ ಎಂಬ ಅಂಕಿ. ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಎರಡು ಸಾಲು: ಬೀಟಾ ಥಲಸ್ಸೇಮಿಯಾ ಟ್ರೇಟ್ (ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯ ವಾಹಕತ್ವ) ಇರುವ ಸೂಚನೆ ಇದೆ, ಸಂಗಾತಿಯ ಪರೀಕ್ಷೆಯನ್ನೂ ಮಾಡಿಸಿ. ಮನೆಯವರು ಮೊದಲ ಸಾಲಿಗೇ ನಿಂತುಬಿಡುತ್ತಾರೆ. ಸೊಸೆಗೆ ಏನೋ ಇದೆ ಎಂಬ ಸುದ್ದಿ ಅತ್ತೆಯಿಂದ ನಾದಿನಿಗೆ, ನಾದಿನಿಯಿಂದ ಬೀಗರ ಮನೆಗೆ ತಲುಪುತ್ತದೆ. ಎರಡನೇ ಸಾಲು ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ಆ ವರದಿಯ ನಿಜವಾದ ಅರ್ಥ ಇರುವುದು ಎರಡನೇ ಸಾಲಿನಲ್ಲಿ. ಹುಟ್ಟುವ ಮಗುವಿನ ಬಗ್ಗೆ ಅವಳ ಹಾಳೆಯೊಂದೇ ಏನನ್ನೂ ತೀರ್ಮಾನಿಸುವುದಿಲ್ಲ. ಗಂಡನ ಹಾಳೆಯನ್ನು ಪಕ್ಕದಲ್ಲಿಟ್ಟು ಓದಿದಾಗ ಮಾತ್ರ ಅದು ಮಾತನಾಡುತ್ತದೆ.

ಇಂತಹ ಹಾಳೆ ಕೈಗೆ ಬರುವ ದಾರಿ ಹೆಚ್ಚಾಗಿ ಒಂದೇ. ತೀರ್ಥಹಳ್ಳಿ ಕಡೆಯ ಒಬ್ಬ ಹೆಣ್ಣುಮಗಳನ್ನು ಕಲ್ಪಿಸಿಕೊಳ್ಳಿ. ಬಸಿರಾದ ಮೂರನೇ ತಿಂಗಳಲ್ಲಿ ಹಿಮೋಗ್ಲೋಬಿನ್ 9.6. ರಕ್ತಹೀನತೆ ಎಂದು ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ರಾಜ್ಯದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವಾಗ ವೈದ್ಯರು ಮೊದಲು ಅದನ್ನೇ ಯೋಚಿಸುವುದು ಸಹಜ. ಎರಡು ತಿಂಗಳು ಮಾತ್ರೆ ನುಂಗಿದರೂ ಅಂಕಿ ಮೇಲೇಳುವುದಿಲ್ಲ. ರಕ್ತಕಣಗಳ ಗಾತ್ರ ಚಿಕ್ಕದು, ಸಂಖ್ಯೆ ಮಾತ್ರ ಕಡಿಮೆಯಿಲ್ಲ. ಆಗ ಅನುಭವಿ ವೈದ್ಯರಿಗೆ ಅನುಮಾನ ಬರುತ್ತದೆ, ಎಚ್‌ಪಿಎಲ್‌ಸಿ ಎಂಬ, ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರೆಬೇರೆಯಾಗಿ ಅಳೆಯುವ ಪರೀಕ್ಷೆಗೆ ಬರೆಯುತ್ತಾರೆ. ಸಾಮಾನ್ಯವಾಗಿ ಎ2 ಎಂಬ ಬಗೆಯ ಹಿಮೋಗ್ಲೋಬಿನ್ ಒಟ್ಟಿನ ಶೇಕಡಾ 3.5ರ ಒಳಗಿರುತ್ತದೆ. ಅದು 4 ದಾಟಿದರೆ ಬೀಟಾ ಥಲಸ್ಸೇಮಿಯಾದ ವಾಹಕ ಎಂದು ತಿಳಿಯುತ್ತಾರೆ. ಕಬ್ಬಿಣಾಂಶದ ತೀವ್ರ ಕೊರತೆ ಈ ಅಂಕಿಯನ್ನು ತಗ್ಗಿಸಿ ವಾಹಕತ್ವವನ್ನು ಮರೆಮಾಚಬಲ್ಲದು. ಆದ್ದರಿಂದ ಗಡಿಯಂಚಿನ ಫಲಿತಾಂಶ ಬಂದರೆ ಕೊರತೆ ತುಂಬಿದ ಮೇಲೆ ಮತ್ತೊಮ್ಮೆ ನೋಡಬೇಕಾಗುತ್ತದೆ.

ಮಲೆನಾಡಿನವರಿಗೆ ರಕ್ತಪರೀಕ್ಷೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದಂದಿನಿಂದ ರಕ್ತದ ಮಾದರಿ ಕೊಟ್ಟು ಫಲಿತಾಂಶಕ್ಕೆ ಕಾಯುವುದು ಇಲ್ಲಿನ ಮನೆಗಳಿಗೆ ರೂಢಿಯಾಗಿದೆ. ಇಲಿಜ್ವರ, ಡೆಂಗಿ, ಕೊರೊನಾ ಎಲ್ಲವೂ ಒಂದೇ ಪಾಠ ಕಲಿಸಿದವು: ವರದಿಯಲ್ಲಿ ಬಂದರೆ ಕಾಯಿಲೆ ಇದೆ, ಬಾರದಿದ್ದರೆ ಇಲ್ಲ. ಇದ್ದರೆ ಔಷಧಿ ತೆಗೆದುಕೊಳ್ಳಬೇಕು, ಕೆಲವು ದಿನ ದೂರ ಇರಬೇಕು. ವಾಹಕ ಪರೀಕ್ಷೆಯ ಫಲಿತಾಂಶವನ್ನೂ ಜನ ಇದೇ ಕಣ್ಣಿನಿಂದ ನೋಡುತ್ತಾರೆ. ಹಾಗಾಗಿಯೇ ಆ ಪ್ರಶ್ನೆಗಳು. ಇವಳಿಗೆ ಮುಂದೆ ಜೋರಾಗುತ್ತದೆಯೇ? ಎಷ್ಟು ದಿನ ಔಷಧಿ? ತೋಟದ ಕೆಲಸ ಮಾಡಬಹುದೇ? ಉತ್ತರ ಸರಳ. ಅವಳಿಗೆ ಕಾಯಿಲೆ ಇಲ್ಲ, ಬರುವುದೂ ಇಲ್ಲ. ನಮ್ಮ ಹೆಚ್ಚಿನ ವಂಶವಾಹಿಗಳು ಜೋಡಿಯಾಗಿರುತ್ತವೆ, ಒಂದು ತಾಯಿಯಿಂದ, ಒಂದು ತಂದೆಯಿಂದ. ಜೋಡಿಯಲ್ಲಿ ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಿಭಾಯಿಸುತ್ತದೆ. ವಾಹಕ ಎಂದರೆ ಇಷ್ಟೇ. ಭಾರತದಲ್ಲಿ ನೂರು ಜನರಲ್ಲಿ ಮೂರರಿಂದ ನಾಲ್ಕು ಮಂದಿ ಬೀಟಾ ಥಲಸ್ಸೇಮಿಯಾದ ವಾಹಕರು. ಅವರಲ್ಲಿ ಬಹುಪಾಲು ಜನ ಅದು ಗೊತ್ತಿಲ್ಲದೆಯೇ ತುಂಬು ಬಾಳು ಬಾಳುತ್ತಾರೆ.

ತೊಡಕು ಇರುವುದು ಇಬ್ಬರೂ ವಾಹಕರಾದಾಗ. ಆಗ ಪ್ರತಿ ಬಸಿರಿನಲ್ಲೂ ಮಗುವಿಗೆ ಎರಡೂ ಕಡೆಯಿಂದ ಕೆಟ್ಟ ಪ್ರತಿಯೇ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹಾಗೆ ಹುಟ್ಟಿದ ಮಗು ಮೊದಲ ಕೆಲವು ತಿಂಗಳು ಚೆನ್ನಾಗಿಯೇ ಇರುತ್ತದೆ. ಎರಡು ವರ್ಷ ತುಂಬುವುದರೊಳಗೆ ಬಿಳುಚಿಕೊಳ್ಳುತ್ತದೆ. ಆಮೇಲೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕು, ಆ ರಕ್ತದಿಂದ ದೇಹದಲ್ಲಿ ಸೇರುವ ಕಬ್ಬಿಣವನ್ನು ಹೊರಹಾಕಲು ನಿತ್ಯ ಔಷಧಿ ಬೇಕು. ಹೊಸನಗರದ ಒಳಹಳ್ಳಿಯಿಂದ ಮಗುವನ್ನು ಎತ್ತಿಕೊಂಡು ತಿಂಗಳಿಗೆರಡು ಬಾರಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರಬೇಕಾದ ತಾಯಿಯ ಆಷಾಢ ಹೇಗಿರುತ್ತದೆ ಎಂಬುದನ್ನು ಮಳೆ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಕಡೆ ಇದನ್ನು ತಿಳಿದುಕೊಳ್ಳಲು ಅಡ್ಡವಾಗುವುದು ಅಜ್ಞಾನಕ್ಕಿಂತ ಹೆಚ್ಚಾಗಿ, ಈಗಾಗಲೇ ತಿಳಿದಿರುವ ಇನ್ನೊಂದು ಲೆಕ್ಕ. ಜಾತಕದ ಲೆಕ್ಕ. ಹುಡುಗಿಗೆ ಕುಜ ದೋಷವಿದ್ದರೆ ಕುಜ ದೋಷವಿರುವ ಹುಡುಗನನ್ನೇ ಹುಡುಕುತ್ತಾರೆ. ಇಬ್ಬರಿಗೂ ಇದ್ದರೆ ಪರಸ್ಪರ ಕಳೆದುಹೋಯಿತು ಎಂದು ಸಮಾಧಾನ. ಒಬ್ಬರಿಗೇ ಇದ್ದರೆ ಸಂಬಂಧ ಮುರಿಯುತ್ತದೆ. ವಾಹಕ ಪರೀಕ್ಷೆಯ ಲೆಕ್ಕ ಇದಕ್ಕೆ ಪೂರ್ತಿ ತಲೆಕೆಳಗು. ಒಬ್ಬರೇ ವಾಹಕರಾಗಿದ್ದರೆ ಮಕ್ಕಳಿಗೆ ಕಾಯಿಲೆಯ ಭಯವಿಲ್ಲ, ಹೆಚ್ಚೆಂದರೆ ಅವರೂ ವಾಹಕರಾಗಬಹುದು. ಇಬ್ಬರೂ ಆಗಿದ್ದರೆ ಮಾತ್ರ ಯೋಚಿಸಬೇಕು. ಹಳೆಯ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಹೊಸ ವರದಿಯನ್ನು ಓದುವವರು ನಿಶ್ಚಿಂತರಾಗಬೇಕಾದಲ್ಲಿ ಸಂಬಂಧ ಮುರಿಯುತ್ತಾರೆ, ಎಚ್ಚರ ವಹಿಸಬೇಕಾದಲ್ಲಿ ಮಂಟಪ ಕಟ್ಟುತ್ತಾರೆ.

‘ನಮ್ಮ ವಂಶದಲ್ಲಿ ಯಾರಿಗೂ ಇಲ್ಲ’ ಎಂಬುದು ಗಂಡಿನ ಕಡೆಯವರ ಮೊದಲ ಮಾತು. ಸುಳ್ಳು ಹೇಳುತ್ತಿರುವುದಿಲ್ಲ. ಇಂತಹ ಬದಲಾವಣೆ ಐದಾರು ತಲೆಮಾರು ಸದ್ದಿಲ್ಲದೆ ಹರಿದು ಬರಬಲ್ಲದು, ಎದುರಿನಿಂದ ಅಂಥದೇ ಇನ್ನೊಂದು ಬಂದು ಸೇರುವವರೆಗೆ ಅದು ಕಾಣುವುದೇ ಇಲ್ಲ. ವಂಶದಲ್ಲಿ ಕಾಯಿಲೆ ಇಲ್ಲದಿರುವುದು ವಾಹಕರು ಇಲ್ಲ ಎನ್ನುವುದಕ್ಕೆ ಸಾಕ್ಷಿಯಲ್ಲ. ಆದರೆ ಈ ಮಾತು ಗಂಡನನ್ನು ಪರೀಕ್ಷೆಯಿಂದ ತಪ್ಪಿಸುವ ಗುರಾಣಿಯಾಗುತ್ತದೆ, ಅದು ನನಗೆ ಸಿಟ್ಟು ತರಿಸುವ ಸಂಗತಿ. ಬಸಿರಿನವಳು ಆಸ್ಪತ್ರೆಗೆ ಬಂದಿದ್ದಾಳೆ ಎಂಬ ಒಂದೇ ಕಾರಣಕ್ಕೆ ಅವಳ ರಕ್ತ ಮೊದಲು ಪರೀಕ್ಷೆಯಾಯಿತು. ಮೊದಲು ಪರೀಕ್ಷೆಯಾಯಿತು ಎಂಬ ಕಾರಣಕ್ಕೆ ಮೊದಲು ಸಿಕ್ಕಿತು. ಮೊದಲು ಸಿಕ್ಕಿದ್ದಕ್ಕೆ ತಪ್ಪು ಅವಳದಾಯಿತು. ಅರ್ಧ ಗಂಟೆಯ ಹಿಂದೆ ಗಂಡನ ತೋಳಿಗೆ ಸೂಜಿ ಚುಚ್ಚಿದ್ದರೆ ಕಥೆಯೇ ಬೇರೆ ಇರುತ್ತಿತ್ತು.

ಇನ್ನು ಸಂಬಂಧದೊಳಗಿನ ಮದುವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚು ಮದುವೆಗಳು ರಕ್ತಸಂಬಂಧದೊಳಗೆ ಆಗಿವೆ. ದೇಶದಲ್ಲಿ ತಮಿಳುನಾಡಿನ ಜೊತೆ ನಾವೇ ಮುಂದು. ಅಕ್ಕನ ಮಗಳು, ಸೋದರಮಾವನ ಮಗ, ಸೋದರತ್ತೆಯ ಮಗಳು. ತೋಟ ಒಡೆಯಬಾರದು, ಸಂಬಂಧ ಬಿಟ್ಟುಹೋಗಬಾರದು, ಮಗಳು ಕಂಡವರ ಮನೆಗಿಂತ ತಮ್ಮನ ಮನೆಯಲ್ಲಿ ಸುಖವಾಗಿರುತ್ತಾಳೆ. ಇವು ಪೊಳ್ಳು ಕಾರಣಗಳಲ್ಲ. ‘ಗೋತ್ರ ಬೇರೆ, ಹಾಗಾಗಿ ರಕ್ತ ಬೇರೆ’ ಎಂಬ ನಂಬಿಕೆ ಮಾತ್ರ ನಿಲ್ಲುವುದಿಲ್ಲ. ಗೋತ್ರ ಹರಿಯುವುದು ತಂದೆಯ ಕಡೆಯಿಂದ ಮಾತ್ರ. ಕೆಲವು ಸಮುದಾಯಗಳಲ್ಲಿ ‘ಬಳಿ’ ಎಂಬ ಕುಲದ ಗುರುತು ಹರಿಯುವುದು ತಾಯಿಯ ಕಡೆಯಿಂದ ಮಾತ್ರ. ಜೀನು ಎರಡೂ ಕಡೆಯಿಂದ ಬರುತ್ತದೆ. ಅಕ್ಕ ಮದುವೆಯಾಗಿ ಹೋದ ದಿನ ಅವಳ ಮಗಳ ಗೋತ್ರ ನಿರ್ಧಾರವಾಯಿತು, ಆದರೆ ಅವಳು ತವರಿನಿಂದ ಒಯ್ದ ಜೀನುಗಳು ಹಾಗೆಯೇ ಉಳಿದವು.

ಲೆಕ್ಕ ಹಾಕಿ ನೋಡಿ. ವಾಹಕನಾದ ಒಬ್ಬ ಯುವಕ ಸಂಬಂಧವೇ ಇಲ್ಲದ, ಪರೀಕ್ಷೆಯಾಗದ ಹುಡುಗಿಯನ್ನು ಮದುವೆಯಾದರೆ ಅವಳೂ ಥಲಸ್ಸೇಮಿಯಾ ವಾಹಕಳಾಗಿರುವ ಸಾಧ್ಯತೆ ಮೂವತ್ತರಲ್ಲಿ ಒಂದರಷ್ಟು. ಅದನ್ನು ನಾಲ್ಕರಿಂದ ಭಾಗಿಸಿದರೆ ಮಗುವಿಗೆ ಕಾಯಿಲೆಯ ಸಾಧ್ಯತೆ ನೂರಿಪ್ಪತ್ತರಲ್ಲಿ ಒಂದು. ಸೋದರತ್ತೆಯ ಮಗಳನ್ನು ಮದುವೆಯಾದರೆ, ಅದೇ ಬದಲಾವಣೆ ಅವಳಲ್ಲೂ ಇರುವ ಸಾಧ್ಯತೆ ಎಂಟರಲ್ಲಿ ಒಂದು, ಮಗುವಿಗೆ ಮೂವತ್ತೆರಡರಲ್ಲಿ ಒಂದು. ಅಕ್ಕನ ಮಗಳಾದರೆ ನಾಲ್ಕರಲ್ಲಿ ಒಂದು, ಮಗುವಿಗೆ ಹದಿನಾರರಲ್ಲಿ ಒಂದು. ಇಬ್ಬರ ಪರೀಕ್ಷೆಯೂ ಆದ ಮರುಕ್ಷಣ ಈ ಎಲ್ಲ ಅಂದಾಜುಗಳೂ ಬಿದ್ದುಹೋಗುತ್ತವೆ. ಅಕ್ಕನ ಮಗಳು ವಾಹಕಳಲ್ಲ ಎಂದು ಗೊತ್ತಾದರೆ ಆ ಒಂದು ಕಾಯಿಲೆಯ ಮಟ್ಟಿಗೆ ಹೆದರಬೇಕಿಲ್ಲ. ದೂರದ ಬೀದರಿನ ಹುಡುಗಿ ವಾಹಕಳೆಂದು ಗೊತ್ತಾದರೆ ದೂರ ಎಂಬುದು ಕಾಯುವುದಿಲ್ಲ. ಸಂಬಂಧದಲ್ಲಿ ಮದುವೆಯಾದ ಬಹುತೇಕರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತವೆ ಎಂಬುದನ್ನೂ ಹೇಳಬೇಕು. ಬೈದರೆ ಯಾರೂ ಪರೀಕ್ಷೆಗೆ ಬರುವುದಿಲ್ಲ. ಬಂದವರಿಗೆ ಲೆಕ್ಕ ತೋರಿಸಿದರೆ ಕೇಳಿಸಿಕೊಳ್ಳುತ್ತಾರೆ.

ನಾಲ್ಕರಲ್ಲಿ ಒಂದು ಎಂಬ ಮಾತೇ ಅನೇಕರನ್ನು ದಾರಿ ತಪ್ಪಿಸುತ್ತದೆ. ಮೊದಲ ಮಗುವಿಗೆ ಕಾಯಿಲೆ ಬಂದ ತಂದೆತಾಯಿ ‘ನಮ್ಮ ಪಾಲಿನ ಒಂದು ಆಗಿಹೋಯಿತು, ಮುಂದಿನ ಮೂರಕ್ಕೆ ತೊಂದರೆಯಿಲ್ಲ’ ಎಂದುಕೊಳ್ಳುತ್ತಾರೆ. ಹಾಗಲ್ಲ. ಪ್ರತಿ ಬಸಿರೂ ಹೊಸದಾಗಿ ಶುರುವಾಗುತ್ತದೆ, ಹಿಂದಿನ ಮಗುವಿನ ನೆನಪು ಅದಕ್ಕಿಲ್ಲ. ಎರಡನೆಯದಕ್ಕೂ ನಾಲ್ಕರಲ್ಲಿ ಒಂದು, ಮೂರನೆಯದಕ್ಕೂ ನಾಲ್ಕರಲ್ಲಿ ಒಂದು. ಇಬ್ಬರು ವಾಹಕರಿಗೆ ಎರಡು ಮಕ್ಕಳಾದರೆ ಎರಡೂ ಚೆನ್ನಾಗಿರುವ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಹದಿನಾರರಲ್ಲಿ ಒಂಬತ್ತು. ಎರಡಕ್ಕೂ ಕಾಯಿಲೆ ಬರುವ ಸಾಧ್ಯತೆ ಹದಿನಾರರಲ್ಲಿ ಒಂದು. ಇದೇ ಅಂಕಿಯನ್ನು ‘ನಾಲ್ಕರಲ್ಲಿ ಮೂರು ಪಾಲು ಮಗುವಿಗೆ ಏನೂ ಆಗುವುದಿಲ್ಲ’ ಎಂದು ಹೇಳಿದರೆ ಕೇಳುವವರ ಮುಖವೇ ಬೇರೆಯಾಗುತ್ತದೆ. ಎರಡೂ ನಿಜ. ಆದ್ದರಿಂದ ಹೇಳುವವರು ಎರಡನ್ನೂ ಹೇಳಬೇಕು, ಒಂದನ್ನು ಹೇಳಿ ನಿಲ್ಲಿಸಿದರೆ ನಿರ್ಧಾರವನ್ನು ತಾವೇ ತೆಗೆದುಕೊಂಡಂತೆ.

ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ ಎಂಬ ಫಲಿತಾಂಶವನ್ನೂ ಜನ ಅತಿಯಾಗಿ ನಂಬುತ್ತಾರೆ. ಈಗ ಒಂದೇ ಮಾದರಿಯಲ್ಲಿ ನೂರಾರು ಜೀನುಗಳನ್ನು ನೋಡುವ ಪರೀಕ್ಷೆಗಳು ಬಂದಿವೆ. ಶಿವಮೊಗ್ಗದಲ್ಲಿ ರಕ್ತ ತೆಗೆದು ದೊಡ್ಡ ಊರಿಗೆ ಕಳಿಸಿದರೆ ಕೆಲವು ವಾರಗಳಲ್ಲಿ ಹತ್ತಾರು ಪುಟದ ವರದಿ ಬರುತ್ತದೆ. ಇಷ್ಟು ಹುಡುಕಿದರೆ ಆರೋಗ್ಯವಂತರಲ್ಲೂ ಯಾವುದಾದರೊಂದರ ವಾಹಕತ್ವ ಸಿಗುವುದು ಸಾಮಾನ್ಯ. ನಮ್ಮಲ್ಲಿ ಪ್ರತಿಯೊಬ್ಬರೂ ಅಂತಹ ಕೆಲವು ಬದಲಾವಣೆಗಳನ್ನು ಹೊತ್ತವರೇ. ಸಿಗದಿದ್ದರೆ ಸಾಧ್ಯತೆ ಬಹಳ ಕಡಿಮೆಯಾಯಿತು ಎಂದರ್ಥ, ಸೊನ್ನೆಯಾಯಿತು ಎಂದಲ್ಲ. ಹದಿನಾರು ಕೋಟಿ ರೂಪಾಯಿಯ ಇಂಜೆಕ್ಷನ್ನಿಗಾಗಿ ಹಣ ಕೂಡಿಸುವ ಮನವಿಗಳಿಂದ ನಮಗೆಲ್ಲ ಪರಿಚಯವಾದ, ಮಕ್ಕಳ ಸ್ನಾಯುಗಳು ಬಲ ಕಳೆದುಕೊಳ್ಳುವ ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿಯನ್ನೇ ತೆಗೆದುಕೊಳ್ಳಿ. ಪರೀಕ್ಷೆ ಎಣಿಸುವುದು ಆ ಜೀನಿನ ಎಷ್ಟು ಪ್ರತಿಗಳಿವೆ ಎಂಬುದನ್ನು. ಕೆಲವರಲ್ಲಿ ಎರಡೂ ಪ್ರತಿಗಳು ಒಂದೇ ವರ್ಣತಂತುವಿನ (ಕ್ರೋಮೋಸೋಮ್) ಮೇಲಿದ್ದು ಇನ್ನೊಂದು ಖಾಲಿಯಿರುತ್ತದೆ. ಎಣಿಕೆ ಸರಿಯಾಗಿಯೇ ಎರಡು ಬರುತ್ತದೆ, ಆದರೆ ಅವರು ವಾಹಕರೇ.

ಇನ್ನೂ ಕಾಡುವುದು, ಅರ್ಥ ಖಚಿತವಿಲ್ಲದ ಬದಲಾವಣೆ ಸಿಕ್ಕಿದೆ ಎಂಬ ಫಲಿತಾಂಶ. ಜೀನಿನಲ್ಲಿ ಒಂದು ಅಕ್ಷರ ಬೇರೆಯಿದೆ, ಅದರಿಂದ ಕಾಯಿಲೆ ಬರುತ್ತದೆಯೋ ಇಲ್ಲವೋ ಎಂದು ವಿಜ್ಞಾನಕ್ಕೆ ಇನ್ನೂ ತಿಳಿದಿಲ್ಲ. ಇದನ್ನು ಅರ್ಧ ಕಾಯಿಲೆ ಎಂದು ಓದುವವರಿದ್ದಾರೆ. ನಮ್ಮವರಲ್ಲಿ ಈ ಉತ್ತರ ಹೆಚ್ಚು ಬರುವುದಕ್ಕೆ ಕಾರಣ, ಜಗತ್ತಿನ ದತ್ತಾಂಶ ಭಂಡಾರಗಳಲ್ಲಿ ಯೂರೋಪ್ ಮೂಲದವರೇ ತುಂಬಿದ್ದಾರೆ. ನಮ್ಮಲ್ಲಿ ಸಾಮಾನ್ಯವಾದದ್ದು ಅಲ್ಲಿ ಅಪರೂಪವಾಗಿ ಕಾಣುತ್ತದೆ. ಜಿನೋಮ್ ಇಂಡಿಯಾ ಯೋಜನೆ 2025ರ ಜನವರಿಯಲ್ಲಿ ಹತ್ತು ಸಾವಿರ ಭಾರತೀಯರ ಜಿನೋಮ್ ದತ್ತಾಂಶವನ್ನು ಸಂಶೋಧಕರಿಗೆ ತೆರೆದಿಟ್ಟದ್ದು ಈ ಕಾರಣಕ್ಕೇ ಮುಖ್ಯ. ಅರ್ಥ ಖಚಿತವಿಲ್ಲದ ಫಲಿತಾಂಶದ ಮೇಲೆ ಬಸಿರಿನ ಬಗ್ಗೆಯಾಗಲಿ ಮದುವೆಯ ಬಗ್ಗೆಯಾಗಲಿ ತೀರ್ಮಾನ ತೆಗೆದುಕೊಳ್ಳಬಾರದು.

ಎಲ್ಲ ಕಾಯಿಲೆಗಳಿಗೂ ಇಬ್ಬರ ಲೆಕ್ಕ ಒಪ್ಪುವುದಿಲ್ಲ. ಹಿಮೋಫಿಲಿಯಾ, ಡುಶೇನ್ ಸ್ನಾಯುಕ್ಷಯದಂತಹವು ಎಕ್ಸ್ ವರ್ಣತಂತುವಿನ ಮೇಲಿರುತ್ತವೆ. ಗಂಡಿಗೆ ಎಕ್ಸ್ ಒಂದೇ, ಅದು ತಾಯಿಯಿಂದಲೇ ಬರುತ್ತದೆ. ಹಾಗಾಗಿ ಅಲ್ಲಿ ತಾಯಿಯೊಬ್ಬಳೇ ವಾಹಕಳಾಗಿದ್ದರೂ ಪ್ರತಿ ಗಂಡುಮಗುವಿಗೆ ಅರ್ಧದಷ್ಟು ಸಾಧ್ಯತೆ. ಹಾಗೆಂದು ಅಲ್ಲಿಯೂ ತಾಯಿಯ ಕಡೆಗೆ ಬೆರಳು ತೋರಿಸುವಂತಿಲ್ಲ: ಡುಶೇನ್ ಇರುವ ಮಕ್ಕಳಲ್ಲಿ ಮೂರರಲ್ಲಿ ಒಂದರಷ್ಟು ಪ್ರಕರಣಗಳಲ್ಲಿ ಬದಲಾವಣೆ ಹೊಸದಾಗಿ ಹುಟ್ಟಿಕೊಂಡಿರುತ್ತದೆ, ತಾಯಿ ವಾಹಕಳೇ ಅಲ್ಲ.

ಮತ್ತು ನಮ್ಮ ಜಿಲ್ಲೆಗೇ ಸೇರಿದ ಹಂದಿಗೋಡು. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ 1970ರ ದಶಕದ ನಡುವೆ ಸೊಂಟ, ಮಂಡಿಯ ಕೀಲುಗಳು ಸವೆದು ನಡೆಯಲಾಗದ, ಕೆಲವರಲ್ಲಿ ಎತ್ತರವೂ ಕುಂಠಿತವಾಗುವ ಕಾಯಿಲೆ ಬೆಳಕಿಗೆ ಬಂತು. ಬಡ ದಲಿತ ಕುಟುಂಬಗಳನ್ನೇ ಅದು ಕಾಡಿತು. ಗದ್ದೆಯ ಏಡಿ ತಿಂದದ್ದರಿಂದ, ಕೀಟನಾಶಕದಿಂದ ಎಂದೆಲ್ಲ ಮೊದಲು ಶಂಕಿಸಿದರು. ತಲೆಮಾರುಗಳ ವಂಶಾವಳಿ ನೋಡಿದ ಮೇಲೆ ಆನುವಂಶಿಕ ಎಂದು, ತಂದೆ ಅಥವಾ ತಾಯಿ ಒಬ್ಬರಿಂದಲೇ ದಾಟಬಲ್ಲ ಪ್ರಬಲ ಬಗೆಯದು ಎಂದು ಸಂಶೋಧಕರು ತೀರ್ಮಾನಕ್ಕೆ ಬಂದರು. ಅಲ್ಲಿ ಆರೋಗ್ಯವಂತ ವಾಹಕ ಎಂಬ ಮಾತು ಅನ್ವಯಿಸುವುದಿಲ್ಲ, ಕಾಯಿಲೆ ಇರುವವರ ಪ್ರತಿ ಮಗುವಿಗೂ ಎರಡರಲ್ಲಿ ಒಂದು. ಆದರೆ ಹಂದಿಗೋಡು ಮಲೆನಾಡಿಗೆ ಕಲಿಸಿದ್ದು ಬೇರೆ: ಆ ಹೆಸರು ವೈದ್ಯಕೀಯ ಪುಸ್ತಕ ಸೇರಿತು, ಊರಿಗೂ ಅಂಟಿಕೊಂಡಿತು. ಕಾಯಿಲೆ ಇಲ್ಲದವರೂ ಊರಿನ ಹೆಸರನ್ನು ಹೊತ್ತು ತಿರುಗಬೇಕಾಯಿತು. ಒಂದು ಕುಟುಂಬಕ್ಕೆ ಆನುವಂಶಿಕ ಎಂಬ ಗುರುತು ಬಿದ್ದರೆ ಏನಾಗುತ್ತದೆ ಎಂಬುದು ಇಲ್ಲಿನ ಹಿರಿಯರಿಗೆ ಗೊತ್ತಿದೆ; ವರದಿಯನ್ನು ಮುಚ್ಚಿಡುವವರನ್ನು ಬರಿಯ ಮೂಢರು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಈ ಭಯ ಎಲ್ಲೆಡೆಯದು. ಗ್ರೀಸಿನ ಓರ್ಕೊಮೆನೊಸ್ ಎಂಬಲ್ಲಿ ಕುಡಗೋಲು ಕಣ ರೋಗದ (ಸಿಕಲ್ ಸೆಲ್, ಇದೂ ಥಲಸ್ಸೇಮಿಯಾದಂತೆ ಆನುವಂಶಿಕ ರಕ್ತದ ಕಾಯಿಲೆ) ವಾಹಕರನ್ನು ಗುರುತಿಸಿ ತಿಳಿಸಿದರು, ಇಬ್ಬರು ವಾಹಕರು ಮದುವೆಯಾಗುವುದು ತಪ್ಪಲಿ ಎಂದು. ಆದದ್ದು ಬೇರೆ. ವಾಹಕರಿಗೆ ಸಂಬಂಧ ಸಿಗುವುದು ಕಷ್ಟವಾಯಿತು, ಹಲವರು ವಿಷಯ ಬಚ್ಚಿಟ್ಟರು, ಇಬ್ಬರೂ ವಾಹಕರಾದ ಮದುವೆಗಳು ಪರೀಕ್ಷೆಯೇ ನಡೆಯದಿದ್ದರೆ ಎಷ್ಟಾಗುತ್ತಿದ್ದವೋ ಅಷ್ಟೇ ಆದವು. ಇದಕ್ಕೆ ಎದುರಾಗಿ, ಟೇ–ಸಾಕ್ಸ್ ಎಂಬ, ಎಳೆಯ ಮಕ್ಕಳ ನರಮಂಡಲವನ್ನು ಹಾಳುಮಾಡುವ ಆನುವಂಶಿಕ ಕಾಯಿಲೆಯಿಂದ ನಾಲ್ವರು ಮಕ್ಕಳನ್ನು ಕಳೆದುಕೊಂಡ ಯಹೂದಿ ಧರ್ಮಗುರು ಜೋಸೆಫ್ ಎಕ್‌ಸ್ಟೀನ್ 1980ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಕಟ್ಟಿದ ‘ದೋರ್ ಯೆಶೋರಿಮ್’ ಸಂಸ್ಥೆ ಯಾರಿಗೂ ಅವರವರ ಫಲಿತಾಂಶ ಹೇಳುವುದಿಲ್ಲ. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ. ಸಂಬಂಧದ ಮಾತು ಬಂದಾಗ ಎರಡು ಸಂಖ್ಯೆಗಳನ್ನು ಕೊಟ್ಟರೆ ಈ ಜೋಡಿ ಹೊಂದುತ್ತದೆಯೋ ಇಲ್ಲವೋ ಎಂದಷ್ಟೇ ಉತ್ತರ. ಹಿರಿಯರು ಕೂಡಿಸುವ ಮದುವೆಗಳ ಸಮಾಜಕ್ಕೆ ಇದಕ್ಕಿಂತ ಜಾಣ ಉಪಾಯವನ್ನು ನಾನು ಕಂಡಿಲ್ಲ. ತನ್ನ ದೇಹದ ಮಾಹಿತಿಯನ್ನು ತನ್ನಿಂದಲೇ ಮರೆಮಾಡುವುದು ಸರಿಯೇ ಎಂಬ ಆಕ್ಷೇಪಕ್ಕೂ ತೂಕವಿದೆ. ಸೈಪ್ರಸ್ಸಿನಲ್ಲಿ ಮದುವೆಗೆ ಮೊದಲು ಚರ್ಚು ಕೇಳುವ ಪ್ರಮಾಣಪತ್ರದಲ್ಲಿಯೂ ಪರೀಕ್ಷೆ ಮತ್ತು ಸಮಾಲೋಚನೆ ಆಗಿದೆ ಎಂದಷ್ಟೇ ಇರುತ್ತದೆ, ಫಲಿತಾಂಶ ಜೋಡಿಗೆ ಮಾತ್ರ ಗೊತ್ತು. ನಮಗೆ ಹೊಂದುವುದು ಈ ಎರಡನೆಯ ದಾರಿ ಎಂದು ನನ್ನ ಅಭಿಪ್ರಾಯ. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಕುಡಗೋಲು ಕಣ ರಕ್ತಹೀನತೆ ನಿರ್ಮೂಲನಾ ಅಭಿಯಾನ ನಲವತ್ತರೊಳಗಿನ ಏಳು ಕೋಟಿ ಜನರನ್ನು, ಮುಖ್ಯವಾಗಿ ಬುಡಕಟ್ಟು ಪ್ರದೇಶಗಳಲ್ಲಿ, ಪರೀಕ್ಷಿಸಿ ಕಾರ್ಡ್ ಕೊಡುವ ಗುರಿ ಇಟ್ಟುಕೊಂಡಿದೆ. ಕಾರ್ಡನ್ನು ಯಾರು ಕೇಳಬಹುದು, ಯಾರಿಗೆ ತೋರಿಸಬೇಕಿಲ್ಲ ಎಂಬುದನ್ನು ಹಾಡಿಯಲ್ಲಿ ಕುಳಿತು ಕನ್ನಡದಲ್ಲಿ ವಿವರಿಸುವವರೂ ಕಾರ್ಡಿನ ಜೊತೆಗೇ ಬರಬೇಕು.

ಇಬ್ಬರೂ ವಾಹಕರೆಂದು ಗೊತ್ತಾದ ಮೇಲಿನ ದಾರಿಗಳು ಹಲವು: ಭ್ರೂಣದ ಪರೀಕ್ಷೆ, ಪ್ರನಾಳ ಶಿಶು ವಿಧಾನದಲ್ಲಿ ಭ್ರೂಣವನ್ನು ಮೊದಲೇ ಪರೀಕ್ಷಿಸುವುದು, ದತ್ತು, ಅಥವಾ ತಿಳಿದೂ ಮುಂದುವರಿಯುವುದು. ಯಾವುದು ಸರಿ ಎಂಬುದು ಆ ಇಬ್ಬರಿಗೆ ಬಿಟ್ಟದ್ದು. ಅವರಿಗೆ ಬೇಕಾದದ್ದು ಸಮಯ. ಬಸಿರಿನಲ್ಲಿಯೇ ಮೊದಲ ಬಾರಿಗೆ ಪರೀಕ್ಷೆ ಮಾಡಿಸಿದಾಗ ಸಿಗದೇ ಇರುವುದೂ ಅದೇ. ಮಾಸುಚೀಲದ ಚೂರು ತೆಗೆದು ಮಾಡುವ ಪರೀಕ್ಷೆ 11ನೇ ವಾರದಿಂದ ಸುಮಾರು 14ನೇ ವಾರದವರೆಗೆ. ಗರ್ಭಜಲದ ಪರೀಕ್ಷೆ 16ನೇ ವಾರದ ಸುಮಾರಿಗೆ. ಅದಕ್ಕೂ ಮೊದಲು ಗಂಡ ಹೆಂಡತಿ ಇಬ್ಬರಲ್ಲೂ ಇರುವ ಬದಲಾವಣೆ ಯಾವುದೆಂದು ಡಿಎನ್‌ಎ ಪರೀಕ್ಷೆಯಿಂದ ಗುರುತಾಗಿರಬೇಕು. ಎರಡು ತಿಂಗಳು ಕಬ್ಬಿಣದ ಮಾತ್ರೆಯಲ್ಲಿ ಕಳೆದು, ಹದಿನೈದು ದಿನ ಗಂಡನ ಮನವೊಲಿಸುವುದರಲ್ಲಿ ಕಳೆದು, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ ರೈಲು ಹತ್ತಿ ಬೆಂಗಳೂರಿಗೋ ಹೋಗುವ ಹೊತ್ತಿಗೆ ಇಪ್ಪತ್ತನೇ ವಾರ ಹತ್ತಿರ ಬಂದಿರುತ್ತದೆ. ಬಸಿರನ್ನು ಮುಂದುವರಿಸದಿರಲು ತೀರ್ಮಾನಿಸಿದರೆ, ಗರ್ಭಪಾತ ಕಾನೂನಿನ 2021ರ ತಿದ್ದುಪಡಿಯಂತೆ ಇಪ್ಪತ್ತು ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ, ನಿಗದಿತ ಸಂದರ್ಭಗಳಲ್ಲಿ ಇಪ್ಪತ್ನಾಲ್ಕು ವಾರದವರೆಗೆ ಇಬ್ಬರದು, ಅದರಾಚೆ ಭ್ರೂಣದಲ್ಲಿ ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿಯದು ಬೇಕು. ಭ್ರೂಣದ ಪರೀಕ್ಷೆಗೆ ಹೆಂಗಸಿನ ಲಿಖಿತ ಒಪ್ಪಿಗೆ ಕಡ್ಡಾಯ. ಕಾನೂನು ಕೇಳುವುದು ಅವಳ ಸಹಿಯನ್ನು, ಅತ್ತೆಯದನ್ನಲ್ಲ. ಲಿಂಗ ತಿಳಿಸುವುದು ಅಪರಾಧ.

ಮದುವೆಯಾದ ಹೊಸತರಲ್ಲಿ, ಬಸಿರಿಗೆ ಮೊದಲೇ, ಗಂಡ ಹೆಂಡತಿ ಒಂದೇ ದಿನ ರಕ್ತ ಕೊಟ್ಟರೆ ಈ ಓಟವೇ ಇಲ್ಲ. ಆಗ ಮೊದಲು ಸಿಕ್ಕಿದವರು ಎಂಬವರೂ ಇರುವುದಿಲ್ಲ. ವಾಹಕತ್ವ ಹುಟ್ಟಿನಿಂದ ಸಾಯುವವರೆಗೆ ಬದಲಾಗುವುದಿಲ್ಲ. ಇತ್ತೀಚೆಗೆ ರಕ್ತ ಏರಿಸಿಕೊಂಡಿರದಿದ್ದರೆ, ಕಬ್ಬಿಣಾಂಶದ ಕೊರತೆ ಇರದಿದ್ದರೆ ಥಲಸ್ಸೇಮಿಯಾಕ್ಕೆ ಒಮ್ಮೆ ಮಾಡಿಸಿದ ಎಚ್‌ಪಿಎಲ್‌ಸಿ ಸಾಮಾನ್ಯವಾಗಿ ಸಾಕು.

ಆ ಹಾಳೆ ಒಬ್ಬರದಾಗಿ ಉಳಿಯುವುದೂ ಇಲ್ಲ. ಒಬ್ಬರು ವಾಹಕರಾದರೆ ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ಆ ಸಾಧ್ಯತೆ ಕನಿಷ್ಠ ಅರ್ಧ. ಮನೆಯಲ್ಲಿ ಥಲಸ್ಸೇಮಿಯಾ ಇರುವ ಮಗು ಇದ್ದರೆ, ಅದರ ಆರೋಗ್ಯವಂತ ಅಣ್ಣನೋ ಅಕ್ಕನೋ ವಾಹಕರಾಗಿರುವ ಸಾಧ್ಯತೆ ಮೂರರಲ್ಲಿ ಎರಡು. ತಂಗಿಗೆ ಗಂಡು ನೋಡುತ್ತಿರುವಾಗ ಈ ವಿಷಯ ಎತ್ತುವುದು ಯಾರು? ವೈದ್ಯರು ನೇರವಾಗಿ ಹೇಳುವಂತಿಲ್ಲ, ವರದಿ ಅವಳದಲ್ಲ. ಅಣ್ಣನೇ ಹೇಳಬೇಕು. ಹೇಳಲು ಬಾಯಿ ಬಾರದವರಿಗೆ ವೈದ್ಯರು ಒಂದು ಪತ್ರ ಬರೆದುಕೊಡಬಹುದು: ಯಾವ ಪರೀಕ್ಷೆ, ಯಾವ ಬದಲಾವಣೆ, ಹೊಂದಲಿರುವ ಸಂಗಾತಿಗೂ ಅದೇ ಪರೀಕ್ಷೆ ಏಕೆ ಬೇಕು ಎಂದು ಕನ್ನಡದಲ್ಲಿ ನಾಲ್ಕು ಸಾಲು. ಫಲಿತಾಂಶ ಕೊಡುವ ದಿನವೇ, ಕೇಳುವವರೆಗೆ ಕಾಯದೆ, ಎರಡು ಮೂರು ಪ್ರತಿ ತೆಗೆದು ಗಂಡನ ಕೈಗೂ ಹೆಂಡತಿಯ ಕೈಗೂ ಕೊಟ್ಟು ಕಳಿಸಲಿ.